ದೇವಾಲಯಕ್ಕೆ ಹೊಸದಾಗಿ ಬರುವವರ ವಿಷಯವಾಗಿ

ಸ್ಮರಣ ಸಂಚಿಕೆಗಳಲ್ಲಿ ಶಾಲೆಯ ಪೂರ್ವಚರಿತ್ರೆಯನ್ನೂ ಗತಿಸಿದ ಅಧ್ಯಾಪಕಿಯರ ಗುಣಗಳನ್ನೂ ವರ್ಣಿಸುವುದು ರೂಢಿ. ಆ ಕೆಲಸವನ್ನು ನಮಗಿಂತ ಯೋಗ್ಯರು ಮಾಡುವರೆಂದು ನಂಬಿ, ನಾವು ಬೇರೊಂದು ವಿಷಯವನ್ನು ಎತ್ತಿಕೊಂಡಿದ್ದೇವೆ. ವಿಷಯವು ಚಿಕ್ಕದಾಗಿ ತೋರಬಹುದು. ಅದಾಗ್ಯೂ ಮಿಶನ್ ಕನ್ಯಾಶಾಲೆಯಲ್ಲಿ ಓದಿದ ಹುಡುಗಿಯರಲ್ಲಿ ಇದರ ತೊಡಕನ್ನು ಒಮ್ಮೆಯೂ ಕಾಣದವರು ವಿರಳವೆಂದು ನಾವು ಎಣಿಸುತ್ತೇವೆ.

ಇಂಥ ಶಾಲೆಗಳಲ್ಲಿ ಹಿಂದೂ, ಮುಸಲ್ಮಾನ, ಜೈನ ಮನೆತನಗಳ ಮಕ್ಕಳು ಬಹುಮಂದಿ ಕಲಿಯುತ್ತಾರೆ. ಒಂದೇ ಬೆಂಚಿನ ಮೇಲೆ ವರ್ಷಗಟ್ಟಲೆ ಕುಳಿತು, ಬುತ್ತಿಯನ್ನು ಹಂಚಿಕೊಂಡು ಉಂಡ ಗೆಳತಿಯು ಒಂದು ದಿನ, "ಬರುವ ಆದಿತ್ಯವಾರ ನಮ್ಮ ದೇವಾಲಯಕ್ಕೆ ಬಾರೇ, ನಾನು ಹಾಡುವವಳಿದ್ದೇನೆ" ಎಂದು ಕರೆಯುತ್ತಾಳೆ. ಕರೆಯಲ್ಲಿ ಸ್ನೇಹದ ಹೊರತು ಬೇರೇನೂ ಇಲ್ಲ. ಹೋಗಬೇಕೆಂಬ ಆಶೆ ಇವಳಿಗೂ ಉಂಟು. ಆದರೆ ಮನೆಯಲ್ಲಿ ಅಜ್ಜಿಯವರು "ಅಲ್ಲಿ ತಲೆಗೆ ನೀರು ಹಾಕಿಬಿಟ್ಟಾರು" ಎನ್ನುತ್ತಾರೆ. ತಂದೆಯವರು "ಬಾಯಿಗೆ ಏನು ಕೊಡುತ್ತಾರೋ" ಎಂದು ಸಂದೇಹಪಡುತ್ತಾರೆ. ಹುಡುಗಿಗೋ ಎಲ್ಲಿ ಕೂಡ್ರಬೇಕು, ಯಾವಾಗ ಏಳಬೇಕು, ಚಪ್ಪಲಿಯನ್ನು ಎಲ್ಲಿ ಬಿಡಬೇಕು ಎಂಬ ಅಂಜಿಕೆ. ಈ ಅಂಜಿಕೆಗಳಲ್ಲಿ ಒಂದನ್ನೂ ನಾವು ನಗೆಗೆ ಈಡುಮಾಡುವುದಿಲ್ಲ. "ನಮ್ಮ ಬಾಗಿಲು ಎಲ್ಲರಿಗೂ ತೆರೆದಿದೆ" ಎಂದು ಫಲಕ ಬರೆಸುವುದು ಸುಲಭ. ಆ ಬಾಗಿಲಿನ ಒಳಗೆ ಏನೇನು ನಡೆಯುವುದೆಂದು ಬರುವವರಿಗೆ ಮುಂಚಿತವಾಗಿ ಬಿಚ್ಚಿ ಹೇಳಿ, ಕುಳಿತಿರುವುದಕ್ಕೂ ಎದ್ದುಹೋಗುವುದಕ್ಕೂ ಅವರನ್ನು ಸ್ವತಂತ್ರರಾಗಿ ಬಿಟ್ಟಾಗಲೇ ಆ ಫಲಕಕ್ಕೆ ಅರ್ಥ ಬರುವುದೆಂದು ನಮ್ಮ ಅಭಿಪ್ರಾಯ.

ಮೊದಲು ನ್ಯಾಯದ ಮಾತು. 1950ನೆಯ ಜನವರಿ 26ರಂದು ಜಾರಿಗೆ ಬಂದ ನಮ್ಮ ಸಂವಿಧಾನದ 28ನೆಯ ವಿಧಿಯ 3ನೆಯ ಖಂಡವು, ಸರಕಾರದ ಮನ್ನಣೆಯನ್ನಾಗಲಿ ಧನಸಹಾಯವನ್ನಾಗಲಿ ಪಡೆದ ವಿದ್ಯಾಸಂಸ್ಥೆಯಲ್ಲಿ ಓದುವ ಯಾರನ್ನೂ ಅವರ ಒಪ್ಪಿಗೆಯಿಲ್ಲದೆ, ಪ್ರಾಯಕ್ಕೆ ಬಾರದವರಾದರೆ ಪೋಷಕರ ಒಪ್ಪಿಗೆಯಿಲ್ಲದೆ, ಅಲ್ಲಿಯ ಧರ್ಮಬೋಧೆಯಲ್ಲಾಗಲಿ ಆರಾಧನೆಯಲ್ಲಾಗಲಿ ಪಾಲುಗೊಳ್ಳಲು ಒತ್ತಾಯಿಸಕೂಡದೆಂದು ವಿಧಿಸುತ್ತದೆ. ಆದಿತ್ಯವಾರದ ಆರಾಧನೆಯು ಶಾಲೆಯದಲ್ಲ, ಗೆಳತಿಯ ಕರೆಯು ಒತ್ತಾಯವೂ ಅಲ್ಲ. ಆದ್ದರಿಂದ ಈ ಖಂಡವು ಇಲ್ಲಿಗೆ ತಗಲದೆಂದು ಯಾರಾದರೂ ವಾದಿಸಿದರೆ ಅಕ್ಷರದ ಮಟ್ಟಿಗೆ ಅವರು ಹೇಳುವುದು ಸರಿ. ಭಾವದ ಮಟ್ಟಿಗೆ ಅದು ತಗಲಿಯೇ ತಗಲುತ್ತದೆ. ಆದಕಾರಣ ಗೆಳತಿಯನ್ನು ಕರೆಯುವ ಹುಡುಗಿಯು ಆ ಗೆಳತಿಯ ಮನೆಗೆ ಹೋಗಿ ತಾಯಿಯನ್ನೂ ಕೇಳತಕ್ಕದ್ದು. "ನೀವೂ ಬನ್ನಿರಮ್ಮಾ" ಎಂದು ಕರೆದರೆ ಇನ್ನೂ ಉತ್ತಮ. ಟ್ಯೂಶನ್ನಿಗೆಂದು ಹೇಳಿ ದೇವಾಲಯಕ್ಕೆ ಬಂದ ಹುಡುಗಿಯು ಪ್ರಸಂಗದ ಒಂದು ಮಾತನ್ನಾದರೂ ನಿಶ್ಚಿಂತೆಯಿಂದ ಕೇಳಲಾರಳು. ಹಾಗೆ ಕರೆತಂದವಳು ತನ್ನ ಸಭೆಗೆ ಉಪಕಾರ ಮಾಡಿದಂತೆಯೂ ಆಗಲಿಲ್ಲ.

ಇನ್ನು ಒಳಗೆ ಏನು ಕಾಣುವುದು? ಕನ್ನಡನಾಡಿನ ಕ್ರೈಸ್ತರೆಲ್ಲರೂ ಒಂದೇ ಬಗೆಯಾಗಿ ಆರಾಧಿಸುವರೆಂದು ಹೊಸಬರು ಭಾವಿಸಬಾರದು. 1834ರಲ್ಲಿ ಮಂಗಳೂರಿಗೆ ಬಂದ ಬಾಸೆಲ್ ಮಿಶನ್ನಿನ ಸಭೆಗಳು, ಬೆಂಗಳೂರು ಮೈಸೂರುಗಳ ವೆಸ್ಲಿಯನ್ ಸಭೆಗಳು, ಬಳ್ಳಾರಿಯ ಲಂಡನ್ ಮಿಶನ್ನಿನ ಸಭೆ, ಇವೆಲ್ಲವೂ ಬೇರೆ ಬೇರೆ ತಾಯಿಯರ ಮಕ್ಕಳು. 1947ನೆಯ ಸೆಪ್ಟೆಂಬರ್ 27ರಂದು ಮದರಾಸಿನಲ್ಲಿ ದಕ್ಷಿಣ ಭಾರತ ಸಭೆಯು ಸ್ಥಾಪಿತವಾದ ಮೇಲೆ ಇಂಥ ಅನೇಕ ಸಭೆಗಳು ಒಂದೇ ಹೆಸರಿನ ಕೆಳಗೆ ಬಂದರೂ ತಾಯಿಮನೆಯ ರೂಢಿಗಳು ಅಲ್ಲಲ್ಲಿ ಉಳಿದಿವೆ. ಬೆಂಗಳೂರಿನ ಹಡ್ಸನ್ ಸ್ಮಾರಕ ದೇವಾಲಯದಂಥ, 1904ರಲ್ಲಿ ಕಟ್ಟಿದ ಕಲ್ಲಿನ ಕಟ್ಟಡದಲ್ಲಿ ಸಾಲುಸಾಲಾಗಿ ಬೆಂಚುಗಳಿರುತ್ತವೆ. ಪಟ್ಟಣದ ಜನರು ಕಾಲ್ಮೆಟ್ಟನ್ನು ಬಿಡದೆಯೇ ಒಳಗೆ ಹೋಗುತ್ತಾರೆ. ಉತ್ತರ ಕರ್ನಾಟಕದ ಹಳ್ಳಿಗೆ ಹೋದರೆ ಚಪ್ಪಲಿಗಳು ಬಾಗಿಲ ಹೊರಗೆ, ಜನರು ಜಮಖಾನೆಯ ಮೇಲೆ, ಗಂಡಸರು ಒಂದು ಕಡೆ, ಸೆರಗು ಹೊದ್ದ ಹೆಂಗಸರು ಇನ್ನೊಂದು ಕಡೆ. ಬಾಗಿಲಲ್ಲಿ ಚಪ್ಪಲಿಗಳನ್ನು ಕಂಡರೆ ತಾನೂ ಬಿಡುವುದು, ಕಾಣದಿದ್ದರೆ ಸುಮ್ಮನೆ ಒಳಹೋಗುವುದು. ಇದಕ್ಕಿಂತ ದೊಡ್ಡ ಶಾಸ್ತ್ರವೇನೂ ಇದರಲ್ಲಿಲ್ಲ.

ಈ ಸಭೆಗಳ ದೇವಾಲಯದಲ್ಲಿ ವಿಗ್ರಹವಿರುವುದಿಲ್ಲ. ಒಂದು ಮೇಜು, ಅದರ ಮೇಲೋ ಹಿಂದೋ ಒಂದು ಶಿಲುಬೆ, ಸತ್ಯವೇದವನ್ನಿಟ್ಟ ಪೀಠ, ಪ್ರಸಂಗಪೀಠ, ದೀಕ್ಷಾಸ್ನಾನದ ತೊಟ್ಟಿ, ಗೋಡೆಯ ಮೇಲೆ ಆ ದಿನದ ಹಾಡುಗಳ ಅಂಕೆಗಳನ್ನು ತೋರಿಸುವ ಹಲಗೆ, ಇಷ್ಟೇ. ದರ್ಶನಕ್ಕೆಂದು ಬಂದವರಿಗೆ ಇದು ಬರಿದಾಗಿ ತೋರುವುದು ಸಹಜ. ಗುಡಿಯಲ್ಲಿ ಜನರು ತಮ್ಮ ತಮ್ಮ ವೇಳೆಗೆ ಬಂದು, ಕೈಮುಗಿದು, ಪ್ರದಕ್ಷಿಣೆ ಬಂದು, ಹೊರಟುಹೋಗುವರು. ಇಲ್ಲಿ ಎಲ್ಲರೂ ಒಂದೇ ವೇಳೆಗೆ ಕೂಡಿ, ಒಟ್ಟಿಗೆ ಎದ್ದು, ಒಟ್ಟಿಗೆ ಕುಳಿತು, ಒಂದೂವರೆ ಗಂಟೆಯ ಹೊತ್ತು ಹೆಚ್ಚಾಗಿ ಕೇಳುತ್ತಲೇ ಇರುವರು. ಕಣ್ಣಿಗಿಂತ ಕಿವಿಗೆ ಕೆಲಸ ಹೆಚ್ಚು. ರೋಮನ್ ಕಥೋಲಿಕರ ಇಗರ್ಜಿಯ ಸಂಗತಿ ಬೇರೆ. ಅಲ್ಲಿ ಸ್ವರೂಪಗಳೂ ಹೂವುಗಳೂ ಮೇಣದ ಬತ್ತಿಗಳೂ ಉಂಟು. ಕಾರ್ಕಳದ ಅತ್ತೂರಿನ ಸಂತ ಲಾರೆನ್ಸರಲ್ಲಿಗೂ ಸೆಪ್ಟೆಂಬರ್ 8ರ ಹಬ್ಬಕ್ಕೆ ಬೆಂಗಳೂರಿನ ಶಿವಾಜಿನಗರದ ಸಂತ ಮೇರಿಯವರಲ್ಲಿಗೂ ಎಲ್ಲ ಮತದವರು ಹರಕೆ ಹೊತ್ತು ಹೋಗುತ್ತಾರೆ. ಅವರಿಗೆ ನಮ್ಮ ಲೇಖನದ ಅವಶ್ಯವಿಲ್ಲ. ಬತ್ತಿ ಹಚ್ಚಿ ಬರುವುದು ಸುಲಭ. ಕುಳಿತು ಆರಾಧನೆಯನ್ನು ನೋಡುವುದರಲ್ಲಿಯೇ ಹೊಸಬರಿಗೆ ತೊಡಕು ಹುಟ್ಟುತ್ತದೆ.

ಆರಾಧನೆಯ ಕ್ರಮವನ್ನು ಒಂದೊಂದಾಗಿ ಹೇಳಿ ವಾಚಕಿಯರನ್ನು ದಣಿಸುವುದಿಲ್ಲ. ಹಾಡು, ಪಾಪದ ಅರಿಕೆ, ಸತ್ಯವೇದದ ವಾಚನ, ಪ್ರಸಂಗ, ಪ್ರಾರ್ಥನೆ, ಕಾಣಿಕೆ, ಆಶೀರ್ವಚನ, ಸ್ಥೂಲವಾಗಿ ಇಷ್ಟು. ನಡುವೆ ಪ್ರಕಟನೆಗಳೆಂಬುವುಂಟು. ಇಂಥವರ ಮಗನಿಗೂ ಇಂಥವರ ಮಗಳಿಗೂ ವಿವಾಹವು ನಿಶ್ಚಯವಾಗಿದೆ, ಅಡ್ಡಿಯಿದ್ದವರು ತಿಳಿಸಿರಿ ಎಂದು ಓದುವುದನ್ನು ಹೊಸ ಹುಡುಗಿಯರು ಪ್ರಸಂಗಕ್ಕಿಂತ ಹೆಚ್ಚು ಗಮನವಿಟ್ಟು ಕೇಳುವುದನ್ನು ನಾವು ಕಂಡಿದ್ದೇವೆ. ನಿಲ್ಲುವುದೂ ಕೂಡ್ರುವುದೂ ಎಲ್ಲರೊಡನೆ ಮಾಡಿದರೆ ಮರ್ಯಾದೆಗೆ ಸಾಕು. ಮೊಣಕಾಲೂರುವುದೂ, ನಂಬಿಕೆಯ ಪ್ರಮಾಣವನ್ನು ಬಾಯಿಂದ ಹೇಳುವುದೂ ಹೊಸಬರ ಮೇಲಿನ ಋಣವಲ್ಲ. ತಾನು ನಂಬದ ಮಾತನ್ನು ನಾಚಿಕೆಗಾಗಿ ಹೇಳುವುದಕ್ಕಿಂತ ಸುಮ್ಮನೆ ನಿಂತಿರುವುದೇ ದೇವರಿಗೂ ಸಭೆಗೂ ಮರ್ಯಾದೆಯೆಂದು ನಾವು ತಿಳಿಯುತ್ತೇವೆ.

ಭಾಷೆಯ ವಿಷಯವನ್ನು ಇಲ್ಲಿ ಹೇಳಲೇಬೇಕು. ಬಳ್ಳಾರಿಯ ಜಾನ್ ಹ್ಯಾಂಡ್ಸ್ ಮೊದಲಾದವರ ಪ್ರಯಾಸದಿಂದ 1831ರಲ್ಲಿ ಕನ್ನಡದ ಪೂರ್ಣ ಸತ್ಯವೇದವು ಹೊರಟಂದಿನಿಂದ ನಮ್ಮ ದೇವಾಲಯಗಳಲ್ಲಿ ಒಂದು ಬಗೆಯ ಕನ್ನಡವು ಬೆಳೆದಿದೆ. ಒಳಗಿನವರಿಗೆ ಅದು ತಾಯಿಯ ಹಾಲಿನಂತೆ. ಹೊರಗಿನವರಿಗೆ ಅಲ್ಲಲ್ಲಿ ಕಲ್ಲು ಕಡಿದಂತೆ. "ಸಮಾಧಾನ" ಎಂದರೆ ಊರಿನವರಿಗೆ ದುಃಖದಲ್ಲಿದ್ದವರಿಗೆ ಹೇಳುವ ಮಾತು. ಇಲ್ಲಿ ಅದು ಶಾಂತಿ. "ಸಭೆ" ಎಂದರೆ ಅವರಿಗೆ ಭಾಷಣದ ಕೂಟ. ಇಲ್ಲಿ ಅದು ಭಕ್ತರ ಸಮುದಾಯ. "ಕುರಿಮರಿಯ ರಕ್ತ" ಎಂಬ ಮಾತನ್ನು ಹಾಡಿನಲ್ಲಿ ಕೇಳಿ ಜೈನರ ಮನೆಯ ಹುಡುಗಿಯೊಬ್ಬಳು ಬೆಚ್ಚಿದರೆ ತಪ್ಪು ಅವಳದೇ? ಐಗುಪ್ತದಿಂದ ಇಸ್ರಾಯೇಲರು ಹೊರಟ ರಾತ್ರಿಯ ಕಥೆಯಿಂದ ಬಂದ ಉಪಮೆಯದು, ದೇವಾಲಯದಲ್ಲಿ ಬಲಿ ನಡೆಯುವುದಿಲ್ಲ ಎಂದು ಯಾರಾದರೂ ಹೇಳಬೇಡವೇ? ಹಾಗೆಯೇ "ನಾವು ಪಾಪಿಗಳು" ಎಂದು ಎಲ್ಲರೂ ಕೂಡಿ ಅರಿಕೆಮಾಡುವಾಗ ಅದು ಹೊಸಬರನ್ನು ಕುರಿತ ಬೈಗುಳವಲ್ಲವೆಂದೂ, ಸಭಾಪಾಲಕರೂ ಅದನ್ನು ತಮ್ಮನ್ನು ಕುರಿತೇ ಹೇಳಿಕೊಳ್ಳುವರೆಂದೂ ತಿಳಿದಿದ್ದರೆ ಮನಸ್ಸು ನೋಯುವುದಿಲ್ಲ. ಪ್ರಸಂಗಿಗಳಲ್ಲಿ ನಮ್ಮ ಬಿನ್ನಹವೇನೆಂದರೆ, ಅಬ್ರಹಾಮನು ಯಾರೆಂದು ತಿಳಿಯದವರು ಒಬ್ಬರಾದರೂ ಹಿಂದಿನ ಬೆಂಚಿನಲ್ಲಿದ್ದಾರೆಂದು ಪ್ರತಿ ವಾರವೂ ಎಣಿಸಿಕೊಳ್ಳಿರಿ. ಒಳಗಿನವರಿಗೂ ಅದರಿಂದ ನಷ್ಟವಾಗದು. ಅವರಲ್ಲಿಯೂ ಹಲವರಿಗೆ ತಿಳಿಯದು.

ಎಲ್ಲಕ್ಕಿಂತ ಹೆಚ್ಚು ನೋವು ಹುಟ್ಟುವುದು ಕರ್ತನ ಭೋಜನದ ಸಂದರ್ಭದಲ್ಲಿ. ಕಥೋಲಿಕರು ಇದನ್ನು ಪರಮಪ್ರಸಾದವೆನ್ನುತ್ತಾರೆ. ತೊಡಕಿನ ಬೇರು ಆ ಮಾತಿನಲ್ಲಿಯೇ ಇದೆ. ನಮ್ಮ ನಾಡಿನಲ್ಲಿ ಪ್ರಸಾದವೆಂದರೆ ಬಂದವರೆಲ್ಲರಿಗೂ ಸಲ್ಲುವ ವಸ್ತು. ಕೊಡದಿದ್ದರೆ ಕೊಡುವವರಿಗೆ ಕುಂದು, ಕೊಟ್ಟದ್ದನ್ನು ಬೇಡವೆಂದರೆ ಬಂದವರ ದುರಹಂಕಾರ. ಇಂಥ ಸಂಸ್ಕಾರದಲ್ಲಿ ಬೆಳೆದ ಹುಡುಗಿಯು ಎಲ್ಲರೂ ಸಾಲಾಗಿ ಮುಂದೆ ಹೋಗುವುದನ್ನು ಕಂಡು ವಿನಯದಿಂದಲೇ ತಾನೂ ಎದ್ದು ಹೋಗುತ್ತಾಳೆ. ಅಲ್ಲಿ ಯಾರೋ ಅವಳ ಹಣೆಯ ಕುಂಕುಮವನ್ನು ನೋಡಿ ಕೈಯಿಂದ ತಡೆಯುತ್ತಾರೆ. ಎಲ್ಲರ ಎದುರಿಗೆ ಅವಳು ತಿರುಗಿ ಬರಬೇಕು. ಅವಳ ಮನೆಯಲ್ಲಿ ಆ ದಿನ ಆಡುವ ಮಾತೇನು? "ಊಟದ ಪಂಕ್ತಿಯಿಂದ ಎಬ್ಬಿಸಿದರು" ಎಂದೇ. ಪಂಕ್ತಿಭೇದದ ನೋವನ್ನು ಬಲ್ಲ ಈ ನಾಡಿನಲ್ಲಿ ಆ ಮಾತಿನ ಭಾರವನ್ನು ನಾವು ವಿವರಿಸಬೇಕಾಗಿಲ್ಲ.

ಸಭೆಯ ನಿಯಮದಲ್ಲಿ ತಿರಸ್ಕಾರವಿಲ್ಲ. ರೊಟ್ಟಿಯನ್ನೂ ದ್ರಾಕ್ಷಾರಸವನ್ನೂ ತೆಗೆದುಕೊಳ್ಳುವವರು ತಾವು ಕ್ರಿಸ್ತನವರೆಂದು ಒಡಂಬಡಿಕೆ ಮಾಡುತ್ತಾರೆ. ಆದುದರಿಂದಲೇ ದೀಕ್ಷಾಸ್ನಾನವಾದ ತಮ್ಮ ಮಕ್ಕಳನ್ನೂ ತಿಳುವಳಿಕೆಯ ಪ್ರಾಯದವರೆಗೆ ಕಾಯಿಸುವ ಪದ್ಧತಿ ಅನೇಕ ಸಭೆಗಳಲ್ಲುಂಟು. ಒಂದು ಸಭೆಯವರು ಇನ್ನೊಂದು ಸಭೆಯ ಮೇಜಿಗೆ ಹೋಗದಿರುವುದೂ ಉಂಟು. ತಂದೆಯವರ ಸಂದೇಹಕ್ಕೂ ಇದರಲ್ಲಿಯೇ ಉತ್ತರವಿದೆ: ಅವರ ಮಗಳ ಬಾಯಿಗೆ ಯಾರೂ ಏನನ್ನೂ ಹಾಕುವುದಿಲ್ಲ, ಹಾಕಕೂಡದೆಂಬುದೇ ಸಭೆಯ ಕಟ್ಟಳೆ. ಅಜ್ಜಿಯವರ ಸಂದೇಹಕ್ಕೂ ಹಾಗೆಯೇ. ದೀಕ್ಷಾಸ್ನಾನವು ಹಾದಿಹೋಕರಿಗೆ ಎರಚುವ ನೀರಲ್ಲ. ಪ್ರಾಯದವರು ಕೇಳಿಕೊಂಡು, ಬಹುಕಾಲ ಕಲಿತು, ಸಭೆಯ ಮುಂದೆ ಪ್ರಶ್ನೆಗಳಿಗೆ ಉತ್ತರಕೊಟ್ಟು ಪಡೆಯತಕ್ಕದ್ದು. ಇಷ್ಟನ್ನು ಭೋಜನಕ್ಕೆ ಮುಂಚೆ ಸಭಾಪಾಲಕರು ಎರಡು ವಾಕ್ಯಗಳಲ್ಲಿ ಹೇಳಿ, "ಅತಿಥಿಗಳು ತಮ್ಮ ಸ್ಥಳದಲ್ಲಿಯೇ ಕುಳಿತು ನಮ್ಮೊಂದಿಗೆ ಪ್ರಾರ್ಥನೆಯಲ್ಲಿರಬಹುದು" ಎಂದರೆ ತಡೆಯುವ ಕೈಗೆ ಕೆಲಸವೇ ಇಲ್ಲ. ಕೆಲವು ಸಭೆಗಳಲ್ಲಿ ಮುಂದೆ ಬಂದು ಕೈಕಟ್ಟಿ ನಿಂತವರಿಗೆ ತಲೆಯ ಮೇಲೆ ಕೈಯಿಟ್ಟು ಆಶೀರ್ವದಿಸುವುದುಂಟು. ಅದೂ ಒಳ್ಳೆಯದೇ, ಆದರೆ ಅದನ್ನೂ ಮೊದಲೇ ಹೇಳಬೇಕು. ಅಪರಿಚಿತರು ಮಗಳ ತಲೆ ಮುಟ್ಟಿದರೆಂದು ಮನೆಯವರು ಹೆದರಲು ಎಡೆಕೊಡಬಾರದು.

ಕಾಣಿಕೆಯ ಚೀಲವು ಎದುರಿಗೆ ಬಂದಾಗ ಹಾಕಲೇಬೇಕೆಂದಿಲ್ಲ. ಮುಂದಿನವರಿಗೆ ದಾಟಿಸಿದರಾಯಿತು.

ಸಮಾಧಾನದ ಹಸ್ತವೆಂಬುದೊಂದುಂಟು. ಸಿರಿಯನ್ ಕ್ರೈಸ್ತರಲ್ಲಿ ಪುರಾತನದಿಂದ ನಡೆದುಬಂದ, ಕೈಯಿಂದ ಕೈಗೆ ಶಾಂತಿಯನ್ನು ದಾಟಿಸುವ ಪದ್ಧತಿಯನ್ನು ದಕ್ಷಿಣ ಭಾರತ ಸಭೆಯು 1950ರ ತನ್ನ ಆರಾಧನಾಕ್ರಮದಲ್ಲಿ ಸೇರಿಸಿಕೊಂಡಿತು. ತರುವಾಯ ದೂರದೇಶಗಳ ಸಭೆಗಳೂ ಇದನ್ನು ಅನುಸರಿಸಿದವು. ಪಕ್ಕದಲ್ಲಿದ್ದ ಅಪರಿಚಿತರು ಫಕ್ಕನೆ ಕೈಚಾಚಿದರೆ ನಮ್ಮ ಹುಡುಗಿಯರು ಹಿಂಜರಿಯುವುದು ಸ್ವಾಭಾವಿಕ. ಕೈಮುಗಿದರೆ ಸಾಕು. 1969ರಲ್ಲಿ ಕಥೋಲಿಕ ಬಿಷಪರು ಭಾರತದ ಆರಾಧನೆಗೆ ರೋಮಾಪುರಿಯಿಂದ ಒಪ್ಪಿಗೆ ಪಡೆದ ಹನ್ನೆರಡು ಅಂಶಗಳಲ್ಲಿ ಈ ಅಂಜಲಿಯೂ ಒಂದಾಗಿತ್ತು. ನಮ್ಮ ಮಟ್ಟಿಗೆ ಹೇಳುವುದಾದರೆ, ಮುಗಿದ ಕೈಗಳಲ್ಲಿ ಹಿಡಿದ ಕೈಗಳಿಗಿಂತ ಶಾಂತಿಯು ಕಡಿಮೆಯೆಂದು ನಮಗೆ ಎಂದೂ ತೋರಲಿಲ್ಲ.

ಈಗ ಪಟ್ಟಣಗಳಲ್ಲಿ ಬಾಡಿಗೆಯ ಸಭಾಂಗಣಗಳಲ್ಲಿ ಕೂಡುವ ಹೊಸ ಬಗೆಯ ಸಭೆಗಳು ಬಹಳವಾಗಿವೆ. ಅಲ್ಲಿ ಹಾಡಿನ ಪುಸ್ತಕವಿಲ್ಲ. ಪರದೆಯ ಮೇಲೆ ಅಕ್ಷರಗಳು ಮೂಡುತ್ತವೆ. ಗಿಟಾರು, ಕೀಬೋರ್ಡು, ಡ್ರಮ್ಮುಗಳ ಘೋಷದಲ್ಲಿ ಅರ್ಧ ಗಂಟೆ, ಕೆಲವೊಮ್ಮೆ ಅದಕ್ಕೂ ಹೆಚ್ಚು ಹೊತ್ತು ನಿಂತು ಹಾಡುತ್ತಾರೆ. ಕೈಯೆತ್ತುವವರು, ಅಳುವವರು, ಅನ್ಯಭಾಷೆಗಳಲ್ಲಿ ಪ್ರಾರ್ಥಿಸುವವರು, ರೋಗಶಾಂತಿಗಾಗಿ ಮುಂದೆ ಬರುವವರು, ಎಲ್ಲರೂ ಉಂಟು. ಹಳೆಯ ಸಭೆಗಳ ನಮ್ಮಂಥವರು ಇದನ್ನು ಗದ್ದಲವೆಂದು ಮೂಗುಮುರಿಯುವುದುಂಟು. ಆದರೆ ಅಲ್ಲಿ ಹೊಸಬರನ್ನು ಹೆಸರು ಹಿಡಿದು ಕರೆಯುವವರಿದ್ದಾರೆಂಬುದನ್ನೂ ಒಪ್ಪಬೇಕು. ಅವರಿಗೆ ನಾವು ಹೇಳುವುದು ಅವರೇ ಓದುವ ಪುಸ್ತಕದಲ್ಲಿದೆ. ಕೊರಿಂಥದವರಿಗೆ ಬರೆದ ಮೊದಲನೆಯ ಪತ್ರಿಕೆಯ 14ನೆಯ ಅಧ್ಯಾಯದಲ್ಲಿ ಪೌಲನು, ಎಲ್ಲರೂ ಅನ್ಯಭಾಷೆಗಳನ್ನಾಡುತ್ತಿರುವಾಗ ಹೊರಗಿನವನೊಬ್ಬನು ಒಳಗೆ ಬಂದರೆ ನಿಮಗೆ ಹುಚ್ಚು ಹಿಡಿದಿದೆಯೆಂದಾನಲ್ಲವೇ ಎಂಬ ಅರ್ಥದ ಪ್ರಶ್ನೆಯನ್ನು ಕೇಳುತ್ತಾನೆ. ಅಂದರೆ ಸುಮಾರು ಎರಡು ಸಾವಿರ ವರ್ಷಗಳ ಹಿಂದೆಯೇ ಹಿಂದಿನ ಬೆಂಚಿನ ಅತಿಥಿಯನ್ನು ನೆನೆದು ಆರಾಧನೆಯನ್ನು ತಿದ್ದಿದವರಿದ್ದರು.

2020ನೆಯ ಮಾರ್ಚ್ ತಿಂಗಳಲ್ಲಿ ಕೊರೋನ ವ್ಯಾಧಿಯ ನಿಮಿತ್ತ ಬಾಗಿಲುಗಳು ಮುಚ್ಚಿದಾಗ ಅನೇಕ ಸಭೆಗಳು ಆರಾಧನೆಯನ್ನು ಯೂಟ್ಯೂಬಿನ ಮುಖಾಂತರ ತೋರಿಸಲಾರಂಭಿಸಿದವು. ಬಾಗಿಲು ತೆರೆದ ಮೇಲೂ ಆ ರೂಢಿಯನ್ನು ಬಿಡದ ಸಭೆಗಳುಂಟು. ಇದರಿಂದ ಒಂದು ಪ್ರಯೋಜನವುಂಟು: ಸಂದೇಹವುಳ್ಳ ತಂದೆತಾಯಿಗಳು ಮಗಳನ್ನು ಕಳುಹಿಸುವ ಮುಂಚೆ ಮನೆಯಲ್ಲಿಯೇ ಕುಳಿತು ಇಡೀ ಆರಾಧನೆಯನ್ನು ನೋಡಬಹುದು. ಒಂದು ಅಪಾಯವೂ ಉಂಟು, ಅದು ಸಣ್ಣದಲ್ಲ. ಕ್ಯಾಮೆರವು ಹಿಂದಿನ ಬೆಂಚಿನ ಕಡೆಗೆ ತಿರುಗಿದರೆ, ಗೆಳತಿಯ ಹಾಡನ್ನು ಕೇಳಬಂದ ಹುಡುಗಿಯ ಮುಖವು ಸಂಜೆಯೊಳಗೆ ಊರಿನ ಎಲ್ಲರ ಕೈಯಲ್ಲಿರುವುದು. ನೋಡಿದವರು ತಮಗೆ ತೋಚಿದ ಕಥೆಯನ್ನು ಅದಕ್ಕೆ ಜೋಡಿಸುವರು. ಅವಳ ಮದುವೆಯ ಮಾತಿನವರೆಗೂ ಆ ಚಿತ್ರವು ಹಿಂಬಾಲಿಸಬಹುದು. ಕ್ಯಾಮೆರವು ಪ್ರಸಂಗಪೀಠವನ್ನೂ ಹಾಡುವವರನ್ನೂ ಬಿಟ್ಟು ಬೇರೆ ಕಡೆಗೆ ತಿರುಗಕೂಡದೆಂದು ಪ್ರತಿ ಸಭೆಯ ಹಿರಿಯರು ಈ ವಾರವೇ ನಿರ್ಣಯ ಮಾಡತಕ್ಕದ್ದೆಂದು ನಾವು ಬಲವಾಗಿ ಹೇಳುತ್ತೇವೆ.

ಈವರೆಗೆ ಹೇಳಿದ್ದು ಹೊಸಬರಿಗಾಗಿ. ಇನ್ನು ಒಳಗಿನವರಿಗೆ ಹೇಳಬೇಕಾದದ್ದು ಕೂಡ್ರುವ ಸ್ಥಳದ ಮಾತು. ಇಂಗ್ಲೆಂಡಿನಲ್ಲಿ ಒಂದು ಕಾಲಕ್ಕೆ ಬೆಂಚುಗಳನ್ನು ಕುಟುಂಬಗಳಿಗೆ ಬಾಡಿಗೆಗೆ ಕೊಡುತ್ತಿದ್ದರು. ಬಡವರು ಮಿಕ್ಕ ಸ್ಥಳದಲ್ಲಿ ಕೂಡ್ರಬೇಕಾಗಿತ್ತು. ನಮ್ಮ ದಕ್ಷಿಣದಲ್ಲಿ ಬಾಡಿಗೆಗಿಂತ ಕೆಟ್ಟದ್ದಿತ್ತು. ತಮಿಳುಸೀಮೆಯ ಸಭೆಗಳಲ್ಲಿ ಜಾತಿಗೊಂದು ಸ್ಥಳವಿದ್ದುದನ್ನು ಸಹಿಸದೆ ಕಲ್ಕತ್ತದ ಬಿಷಪ್ ಡ್ಯಾನಿಯಲ್ ವಿಲ್ಸನ್ನರು 1833ರಲ್ಲಿ ಜಾತಿಭೇದವನ್ನು ಬಿಟ್ಟುಬಿಡಬೇಕೆಂದು ಆಜ್ಞಾಪತ್ರವನ್ನು ಬರೆದರು. ತಂಜಾವೂರು ಮುಂತಾದ ಕಡೆಗಳಲ್ಲಿ ಇದರಿಂದ ಅನೇಕರು ಮುನಿದು ಸಭೆಯನ್ನೇ ಬಿಟ್ಟರು. ಯಾಕೋಬನ ಪತ್ರಿಕೆಯ ಎರಡನೆಯ ಅಧ್ಯಾಯವು ಚಿನ್ನದ ಉಂಗುರದವನಿಗೆ ಒಳ್ಳೆಯ ಸ್ಥಳವನ್ನೂ ಹೊಲಸು ಬಟ್ಟೆಯವನಿಗೆ ಕಾಲ ಬಳಿಯ ಸ್ಥಳವನ್ನೂ ತೋರಿಸುವವರನ್ನು ಖಂಡಿಸುತ್ತದೆ. ಇವೆಲ್ಲ ಹಳೆಯ ಕಥೆಗಳೆಂದು ನಾವು ಸಮಾಧಾನಪಟ್ಟುಕೊಳ್ಳಬಹುದೇ? "ಇದು ನಮ್ಮ ಮನೆಯವರು ಕೂಡ್ರುವ ಬೆಂಚು, ಸ್ವಲ್ಪ ಆಚೆ ಹೋಗಮ್ಮಾ" ಎಂಬ ಮಾತು ಈಗಲೂ ಕೇಳಿಬರುತ್ತದೆ. ಆಡುವವರು ದುಷ್ಟರಲ್ಲ, ಮೂವತ್ತು ವರ್ಷ ಅಲ್ಲಿಯೇ ಕುಳಿತವರು. ಆದರೂ ಕೇಳಿಸಿಕೊಂಡ ಹುಡುಗಿಯು ಆ ಆದಿತ್ಯವಾರದ ಪ್ರಸಂಗವನ್ನು ಮರೆತು ಈ ಒಂದು ಮಾತನ್ನು ನೆನಪಿನಲ್ಲಿಟ್ಟುಕೊಂಡು ಹೋಗುತ್ತಾಳೆ.

ಇದರ ವಿರುದ್ಧ ದಿಕ್ಕಿನ ದೋಷವೂ ಉಂಟು. "ಇಂದು ಹೊಸದಾಗಿ ಬಂದವರು ಎದ್ದು ನಿಂತು ತಮ್ಮ ಹೆಸರು, ಊರು ಹೇಳಿರಿ" ಎಂದು ಕರೆದು, ಎಲ್ಲರೂ ತಿರುಗಿ ನೋಡಿ ಚಪ್ಪಾಳೆ ತಟ್ಟುವರು. ಹೊರಗೆ ಬರುವಷ್ಟರಲ್ಲಿ ಒಬ್ಬರು ಫೋನ್ ನಂಬರು ಕೇಳುವರು, ಇನ್ನೊಬ್ಬರು ಮನೆಗೆ ಬಂದು ಪ್ರಾರ್ಥನೆ ಮಾಡಲೇ ಎನ್ನುವರು. ಪ್ರೀತಿಯಿಂದಲೇ ಮಾಡಿದರೂ ಇದು ಬಲೆಯಂತೆ ಕಾಣುತ್ತದೆ. ಕಂಡವರು ಮನೆಗೆ ಹೋಗಿ ಹಾಗೆಯೇ ಹೇಳುತ್ತಾರೆ. ನಮ್ಮ ಊರುಗಳಲ್ಲಿ ಅತಿಥಿಯು ಬಂದರೆ ಕಾಲಿಗೆ ನೀರು ಕೊಟ್ಟು, ಚಾಪೆ ಹಾಸಿ, ಬೆಲ್ಲ ನೀರು ಮುಂದಿಟ್ಟು, ಅವರು ತಾವಾಗಿ ಮಾತು ತೆಗೆಯುವವರೆಗೆ ಬಂದ ಕಾರಣವನ್ನು ಕೇಳದಿರುವುದು ಹಿರಿಯರ ರೀತಿಯಾಗಿತ್ತು. ಆ ರೀತಿಯು ದೇವಾಲಯದ ಬಾಗಿಲಲ್ಲಿ ಏಕೆ ನಿಲ್ಲಬೇಕು?

ಮೊದಲ ಸಾರಿ ಬರುವವರು ಕ್ರಿಸ್ತಜಯಂತಿಯ ದಿನವನ್ನು ಆರಿಸಿಕೊಳ್ಳದಿರುವುದು ಮೇಲು. ಆ ದಿನ ಜನಸಂದಣಿಯಲ್ಲಿ ಕರೆದವಳೇ ಕಾಣಸಿಗಲಾರಳು. ಶುಭ ಶುಕ್ರವಾರದ ಆರಾಧನೆಯು ಅನೇಕ ಕಡೆ ಮಧ್ಯಾಹ್ನ 12ರಿಂದ 3ರವರೆಗೆ ನಡೆಯುವುದರಿಂದ ಅದೂ ಹೊಸಬರಿಗೆ ಭಾರ. ಬೆಳೆಯ ಹಬ್ಬಕ್ಕೆ ಬರಲಿ. ಕುಂಬಳಕಾಯಿ, ಬಾಳೆಗೊನೆ, ತೆಂಗಿನಕಾಯಿ, ಕೂಗುವ ಹುಂಜ, ಎಲ್ಲವನ್ನೂ ಕಾಣಿಕೆಯಾಗಿ ತಂದು, ಆರಾಧನೆಯ ತರುವಾಯ ಅಂಗಳದಲ್ಲಿ ಹರಾಜು ಕೂಗುವ ಆ ದಿನ ಯಾರೂ ಹೊಸಬರಾಗಿ ಉಳಿಯುವುದಿಲ್ಲ. ಮಾಮೂಲು ಆದಿತ್ಯವಾರವಾದರೂ ಚಿಂತೆಯಿಲ್ಲ. ಪ್ರಸಂಗಪೀಠದಲ್ಲಿ ಸ್ತ್ರೀಯೊಬ್ಬರನ್ನು ಕಂಡರೂ ಆಶ್ಚರ್ಯಪಡಬೇಕಾಗಿಲ್ಲ. ದಕ್ಷಿಣ ಭಾರತ ಸಭೆಯಲ್ಲಿ ಸ್ತ್ರೀಯರು ಸಭಾಪಾಲಕರಾಗಿ ಕೆಲಸಮಾಡುತ್ತಿದ್ದಾರೆ. 2013ರಲ್ಲಿ ಆಂಧ್ರದ ನಂದ್ಯಾಲದ ಅಧ್ಯಕ್ಷೀಯ ಪ್ರಾಂತಕ್ಕೆ ಇ. ಪುಷ್ಪಲಲಿತಾ ಅವರು ಬಿಷಪರಾಗಿ, ಆ ಪದವಿಗೆ ಬಂದ ಆ ಸಭೆಯ ಮೊದಲನೆಯ ಸ್ತ್ರೀಯಾದರು.

ನಮ್ಮದೊಂದು ಸೂಚನೆಯುಂಟು. ಪ್ರತಿ ದೇವಾಲಯದ ಬಾಗಿಲಲ್ಲಿ ಕನ್ನಡದಲ್ಲಿ ಅಚ್ಚುಮಾಡಿದ ಒಂದೇ ಒಂದು ಹಾಳೆ ಇರಲಿ. ಆರಾಧನೆ ಎಷ್ಟು ಹೊತ್ತು, ಯಾವಾಗ ನಿಲ್ಲುವರು, ಭೋಜನಕ್ಕೆ ಯಾರು ಹೋಗುವರು, ಯಾರು ಕುಳಿತಿರುವರು, ಏಕೆ, ಕಾಣಿಕೆ ಕಡ್ಡಾಯವಲ್ಲ, ನಡುವೆ ಎದ್ದುಹೋದರೆ ಯಾರೂ ತಪ್ಪೆಣಿಸರು, ಇಷ್ಟಿದ್ದರೆ ಸಾಕು. ಇದನ್ನು ಸಭಾಪಾಲಕರು ಬರೆಯುವುದು ಬೇಡ. ಅವರಿಗೆ ಎಲ್ಲವೂ ರೂಢಿಯಾಗಿರುವುದರಿಂದ ಯಾವುದು ಹೊಸಬರಿಗೆ ತಿಳಿಯದೆಂದು ಅವರಿಗೆ ಹೊಳೆಯದು. ನಮ್ಮ ಹತ್ತನೆಯ ತರಗತಿಯ ಹುಡುಗಿಯರಲ್ಲಿ ಇಬ್ಬರು, ಪ್ರತಿ ವಾರ ದೇವಾಲಯಕ್ಕೆ ಹೋಗುವ ಒಬ್ಬಳೂ ಎಂದೂ ಒಳಗೆ ಕಾಲಿಡದ ಅವಳ ಗೆಳತಿಯೂ, ಕೂಡಿ ಕುಳಿತು ಬರೆಯಲಿ. ಎರಡನೆಯವಳು ಕೇಳಲಿ, ಮೊದಲನೆಯವಳು ಉತ್ತರ ಹೇಳಲಿ. ಉತ್ತರ ತಿಳಿಯದ ಕಡೆಯಲ್ಲಿ ಇಬ್ಬರೂ ಹೋಗಿ ಸಭಾಪಾಲಕರನ್ನು ಕೇಳಲಿ. ಅಚ್ಚಿನ ಖರ್ಚನ್ನು ಹಳೆಯ ವಿದ್ಯಾರ್ಥಿನಿಯರ ಸಂಘವು ಸಂತೋಷದಿಂದ ವಹಿಸಿಕೊಳ್ಳಬಹುದೆಂದು ನಾವು ನಿರೀಕ್ಷಿಸುತ್ತೇವೆ.